ರೇಷ್ಮೆ ಗ್ರಂಥಿಯ ರಚನೆ ಮತ್ತು ಗೂಡಿನ ಇಳುವರಿ

ಒಂದೇ ತಳಿ, ಒಂದೇ ದಿನ ಚಾಕಿ ಕಟ್ಟಿದ ಹುಳು. ಆದರೂ ಒಬ್ಬ ರೈತನ ಗೂಡು ಗಟ್ಟಿ, ಇನ್ನೊಬ್ಬನದು ತೆಳು. ಇದೇಕೆಂದು ತಿಳಿಯಲು ಹುಳುವಿನ ರೇಷ್ಮೆ ಗ್ರಂಥಿಯ ಪರಿಚಯ ಅಗತ್ಯ.

ರಚನೆ

ರೇಷ್ಮೆ ಗ್ರಂಥಿಗಳು ಎರಡು. ಇವು ಮಾರ್ಪಾಟಾದ ಜೊಲ್ಲು ಗ್ರಂಥಿಗಳು. ಅನ್ನನಾಳದ ಎರಡೂ ಬದಿಯಲ್ಲಿ ಮಡಚಿಕೊಂಡಿರುತ್ತವೆ. ಪ್ರತಿಯೊಂದರಲ್ಲೂ ಮೂರು ಭಾಗಗಳಿವೆ. ತೆಳುವಾಗಿ ಅಂಕುಡೊಂಕಾಗಿರುವ ಹಿಂಭಾಗವು ನೂಲಿನ ತಿರುಳಾದ ಫೈಬ್ರಾಯಿನ್ ಎಂಬ ಸಸಾರಜನಕವನ್ನು ತಯಾರಿಸುತ್ತದೆ. ದಪ್ಪನಾದ ಮಧ್ಯಭಾಗವು ಅದನ್ನು ಶೇಖರಿಸಿ, ಸುತ್ತಲೂ ಸೆರಿಸಿನ್ ಎಂಬ ಅಂಟನ್ನು ಸೇರಿಸುತ್ತದೆ. ಮುಂಭಾಗವು ಸಣ್ಣ ಕೊಳವೆ. ಎರಡೂ ಕೊಳವೆಗಳು ತಲೆಯಲ್ಲಿ ಕೂಡಿ, ಕೆಳತುಟಿಯಲ್ಲಿರುವ ಒಂದೇ ರಂಧ್ರದಿಂದ ಹೊರಬರುತ್ತವೆ. ಹುಳು ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತಾ ಎಳೆದಂತೆ ದ್ರವವು ಗಟ್ಟಿಯಾಗಿ ನೂಲಾಗುತ್ತದೆ. ನೂಲಿನಲ್ಲಿ ಶೇಕಡ 70ರಿಂದ 80 ಭಾಗ ಫೈಬ್ರಾಯಿನ್. ಉಳಿದುದು ಬಹುಪಾಲು ಸೆರಿಸಿನ್.

ಬೆಳವಣಿಗೆ

ಗ್ರಂಥಿಯ ಜೀವಕೋಶಗಳ ಸಂಖ್ಯೆ ಮೊಟ್ಟೆಯೊಳಗೇ ನಿಗದಿಯಾಗುತ್ತದೆ. ಮರಿ ಹೊರಬಂದ ಮೇಲೆ ಒಂದು ಕೋಶವೂ ಹೆಚ್ಚುವುದಿಲ್ಲ. ಇದ್ದವೇ ಗಾತ್ರದಲ್ಲಿ ಬೆಳೆಯುತ್ತವೆ. ಈ ಬೆಳವಣಿಗೆಯ ಬಹುಭಾಗ ನಡೆಯುವುದು ನಾಲ್ಕನೇ ಜ್ವರದಿಂದ ಎದ್ದ ನಂತರದ ಸುಮಾರು ಒಂದು ವಾರದಲ್ಲಿ. ಹಣ್ಣಾಗುವ ವೇಳೆಗೆ ಗ್ರಂಥಿಗಳ ತೂಕ ಹುಳುವಿನ ತೂಕದ ಸುಮಾರು ಶೇಕಡ 40ರಷ್ಟಾಗುತ್ತದೆ. ಒಟ್ಟು ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ಹುಳು ತಿನ್ನುವುದೂ ಈ ಹಂತದಲ್ಲಿಯೇ. ಹಣ್ಣಾದ ಮೇಲೆ ಅದು ಸೊಪ್ಪು ಮುಟ್ಟುವುದಿಲ್ಲ. ಆದುದರಿಂದ ಈ ವಾರದಲ್ಲಿ ಆದ ಕೊರತೆಯನ್ನು ಮುಂದೆ ತುಂಬಲಾಗದು.

ರೈತರು ಗಮನಿಸಬೇಕಾದ ಅಂಶಗಳು

1. ಐದನೇ ಹಂತಕ್ಕೆ ಬೇಕಾಗುವಷ್ಟು ಸೊಪ್ಪು ತೋಟದಲ್ಲಿದೆಯೇ ಎಂದು ನೋಡಿಕೊಂಡೇ ಮೊಟ್ಟೆ ತರಬೇಕು. ಬಾಡಿದ, ಧೂಳು ಹಿಡಿದ ಸೊಪ್ಪು ಸಲ್ಲದು.

2. ಹಾಸಿಗೆಯಲ್ಲಿ ಹುಳು ಒತ್ತೊತ್ತಾಗಿದ್ದರೆ ಹಿಂದುಳಿದವಕ್ಕೆ ಮೇವು ಸಿಗದು. ಹುಳು ಬೆಳೆದಂತೆ ಜಾಗ ಹೆಚ್ಚಿಸಬೇಕು.

3. ಹಣ್ಣಾದ ಹುಳುಗಳನ್ನು ತಡಮಾಡದೆ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹಾಸಿಗೆಯಲ್ಲೇ ನೂಲು ಸುರಿಸಿ ವ್ಯರ್ಥ ಮಾಡುತ್ತವೆ. ಚದರ ಅಡಿಗೆ 40-45 ಹುಳು ಸಾಕು, ಹೆಚ್ಚಾದರೆ ಜೋಡಿಗೂಡುಗಳಾಗುತ್ತವೆ.

4. ಗೂಡು ಕಟ್ಟುವಾಗ ಗಾಳಿಯಾಡುತ್ತಿರಬೇಕು. ಉಷ್ಣತೆ 24-25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡ 60-70 ಇದ್ದರೆ ಒಳ್ಳೆಯದು. ತೇವ ಹೆಚ್ಚಿದರೆ ಸೆರಿಸಿನ್ ಬೇಗ ಒಣಗದೆ ಪದರಗಳು ಬಲವಾಗಿ ಅಂಟಿಕೊಳ್ಳುತ್ತವೆ; ಬಿಚ್ಚುವಾಗ ಎಳೆ ಪದೇ ಪದೇ ಕಡಿಯುತ್ತದೆ. ಇಂಥ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ.

ಗೂಡಿನ ತೂಕ ಐದನೇ ಹಂತದ ಸೊಪ್ಪಿನಿಂದ, ನೂಲಿನ ಗುಣ ಚಂದ್ರಿಕೆಯ ಆರೈಕೆಯಿಂದ. ಈ ಕೆಲವು ದಿನಗಳ ಎಚ್ಚರಿಕೆ ಇಡೀ ಬೆಳೆಯ ಶ್ರಮವನ್ನು ಕಾಯುತ್ತದೆ.