*ಇಂದಿನ ಚಿಂತನೆ: ಎಲೆ ಉರಿದ ಬಟ್ಟಲು*

 

ಕಳೆದ ವಾರದ ಅಧ್ಯಯನದಲ್ಲಿ ‘ಉಪಾದಾನ’ ಎಂಬ ಪದ ಬಂದಾಗ ನಾನು ತಡವರಿಸಿದೆ. ಎಂ.ಎ. ಓದುವಾಗ ಕಲಿತದ್ದು ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ ಎಂದು. ಪಾಲಿಯಲ್ಲಿ ಅದೇ ಪದಕ್ಕೆ ಅಂಟಿಕೊಳ್ಳುವುದು ಎಂಬ ಅರ್ಥ, ಉರುವಲು ಎಂಬ ಅರ್ಥವೂ ಉಂಟು. ಇವೆಲ್ಲ ಒಂದೇ ಪದದಲ್ಲಿ ಹೇಗೆ ಕೂತವು? ಒಂದು ಚಹಾ ಬಟ್ಟಲಿನ ಚಿತ್ರ ನೋಡಿದ ಮೇಲೆ ಸ್ವಲ್ಪ ಹೊಳೆಯಿತು.

ಚೀನಾದ ಸಾಂಗ್ ರಾಜವಂಶದ ಕಾಲದಲ್ಲಿ (960–1279) ಚಹಾಪುಡಿಯನ್ನು ಬಟ್ಟಲಿನಲ್ಲೇ ಕಡೆದು ಬಿಳಿ ನೊರೆ ಬರಿಸಿ ಕುಡಿಯುತ್ತಿದ್ದರು. ನೊರೆ ಎದ್ದು ಕಾಣಲು ಕಪ್ಪು ಬಟ್ಟಲು ಬೇಕು. ಫುಜಿಯಾನ್ ಪ್ರಾಂತ್ಯದ ಜಿಯಾನ್ ಆವಿಗೆಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿರುವ ಲೇಪ ಹಚ್ಚಿ ಸುಟ್ಟರೆ, ಕಪ್ಪಿನ ಮೇಲೆ ಮೊಲದ ತುಪ್ಪಳದಂಥ ಗೆರೆಗಳೋ ಎಣ್ಣೆಹನಿಯಂಥ ಚುಕ್ಕೆಗಳೋ ಮೂಡುತ್ತಿದ್ದವು. ಟಿಯಾನ್‌ಮು ಬೆಟ್ಟದ ವಿಹಾರಗಳಲ್ಲಿ ಕಲಿತ ಜಪಾನಿನ ಭಿಕ್ಷುಗಳು ಇಂಥವನ್ನು ತಮ್ಮ ನಾಡಿಗೆ ಒಯ್ದರು. ಬೆಟ್ಟದ ಹೆಸರೇ ಅಲ್ಲಿನವರ ಬಾಯಲ್ಲಿ ‘ಟೆಮ್ಮೊಕು’ ಆಗಿ, ಬಟ್ಟಲಿನ ಹೆಸರಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಜಿಯಾಂಗ್ಶಿ ಪ್ರಾಂತ್ಯದ ಜಿಝೌ ಬಟ್ಟಲು. ಅಲ್ಲಿನ ಕುಂಬಾರರು ಕಾಗದ ಕತ್ತರಿಸಿ ಹೂವು, ಹಕ್ಕಿಗಳ ಅಚ್ಚು ಮೂಡಿಸುತ್ತಿದ್ದರು. ಕೆಲವು ಬಟ್ಟಲುಗಳಲ್ಲಿ ನಿಜವಾದ ಎಲೆಯನ್ನೇ ಇಟ್ಟು ಸುಟ್ಟರು. ಎಲೆ ಉರಿದುಹೋಗಿ, ಅದರ ಬೂದಿ ಲೇಪದೊಡನೆ ಕರಗಿ, ಕಪ್ಪಿನಲ್ಲಿ ಹಳದಿ ನರಗಳು ಮಾತ್ರ ಉಳಿದವು. ಬೆಂಕಿಗೆ ಆಹುತಿಯಾದ ಎಲೆ ಎಂಟು ನೂರು ವರ್ಷಗಳಿಂದ ಹಾಗೇ ಇದೆ!

2016ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಣ್ಣೆಹನಿ ಚುಕ್ಕೆಯ ಜಿಯಾನ್ ಬಟ್ಟಲೊಂದು 1.17 ಕೋಟಿ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 78 ಕೋಟಿ ರೂಪಾಯಿ. ಅದರಲ್ಲಿ ಇನ್ನು ಯಾರು ಚಹಾ ಕುಡಿದಾರು? ಕೊಂಡವರಿಗೆ ಉಪಾದಾನ ಅಂದರೆ ಮಣ್ಣಲ್ಲ, ಇಡೀ ಬಟ್ಟಲು ಎಂದುಕೊಂಡು ನಕ್ಕೆ.

ಆಮೇಲೆ ಯಲಹಂಕದ ನಮ್ಮ ಮನೆಯ ಅಟ್ಟದಲ್ಲಿರುವ ಜಾಡಿ ನೆನಪಾಯಿತು. ಅಮ್ಮನ ಉಪ್ಪಿನಕಾಯಿ ಜಾಡಿ, ಕಂದು ಬಣ್ಣದ್ದು. ಅಮ್ಮ ಹೋದ ಮೇಲೆ ಅಕ್ಕ ಎರಡು ಸಲ ಕೇಳಿದ್ದಳು. “ಬಿರುಕು ಬಿಟ್ಟಿದೆ ಅಕ್ಕಾ” ಎಂದು ಸುಳ್ಳು ಹೇಳಿದ್ದೆ. ನಾಲ್ಕು ವರ್ಷದಲ್ಲಿ ನಾನು ಅದರಲ್ಲಿ ಒಂದು ಮಾವಿನಕಾಯಿಯನ್ನೂ ಹಾಕಿಲ್ಲ. ಹಾಕುವವಳಿಗೂ ಕೊಡಲಿಲ್ಲ.

ನಿನ್ನೆ ರಾತ್ರಿ ಕೆಳಗಿಳಿಸಿ, ಒರೆಸಿ, ಅಮ್ಮನದೇ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಭಾನುವಾರ ಆರ್.ಟಿ. ನಗರಕ್ಕೆ ಒಯ್ಯಬೇಕು. ಅಕ್ಕನಿಗೆ ಇನ್ನೂ ಫೋನ್ ಮಾಡಿಲ್ಲ.