ಐವತ್ತು ರೂಪಾಯಿಯ ಮೀನಿಗೆ ಎಷ್ಟು ಖರ್ಚು ಮಾಡಬೇಕು?

ಒಂದು ಗೋಲ್ಡ್‌ಫಿಶ್‌ಗೆ ಐವತ್ತು ರೂಪಾಯಿ. ಅದು ಕಾಯಿಲೆ ಬಿದ್ದರೆ ಗುಣಪಡಿಸಲು ಎಷ್ಟು ಹಣ ತೆಗೆದಿಡಬಹುದು? ಪರಿಚಯದವರನ್ನು ಕೇಳಿದರೆ ಬಹುಪಾಲು ಬರುವ ಉತ್ತರ ಒಂದೇ: ಐವತ್ತಕ್ಕಿಂತ ಹೆಚ್ಚು ಹಾಕುವುದು ದಂಡ. ಮೇಲ್ನೋಟಕ್ಕೆ ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹಿತ್ತಲಿನ ತೊಟ್ಟಿಯಲ್ಲಿ ಮೀನು ಸಾಕಿ, ಅವು ಸೊರಗಿದ್ದನ್ನು ಕಂಡು, ಮತ್ತೆ ಚೇತರಿಸಿಕೊಂಡದ್ದನ್ನೂ ಕಂಡ ಮೇಲೆ ನಾನು ಈ ಲೆಕ್ಕವನ್ನು ಬೇರೆ ರೀತಿ ಹಾಕುತ್ತೇನೆ. ಕಾಯಿಲೆಯ ಖರ್ಚನ್ನು ತೂಗಬೇಕಾದದ್ದು ಇಡೀ ತೊಟ್ಟಿಯ ಬೆಲೆಯ ಜೊತೆ. ಆ ಖರ್ಚಿನಲ್ಲಿ ಮೊದಲ ರೂಪಾಯಿ ಹೋಗಬೇಕಾದದ್ದು ಕಾರಣ ತಿಳಿಯುವುದಕ್ಕೆ, ಔಷಧಿಯ ಸರದಿ ಆಮೇಲಿನದು.

ಗರುಡ ದೇವರಿಗೆ ಹೆಸರಾದ ಬಿಂಡಿಗನವಿಲೆಯಲ್ಲಿ ನಮ್ಮ ಮನೆ. ಹಿಂದೆ ಹಸು ಎಮ್ಮೆಗಳಿಗೆ ನೀರು ಕುಡಿಸಲು ಕಟ್ಟಿಸಿದ್ದ ಸಿಮೆಂಟ್ ತೊಟ್ಟಿ ಹಿತ್ತಲಲ್ಲಿದೆ. ಎಂಟಡಿ ಉದ್ದ, ಐದಡಿ ಅಗಲ, ಎರಡೂವರೆ ಅಡಿ ನೀರು. ಕೊಟ್ಟಿಗೆ ಖಾಲಿಯಾದ ಮೇಲೆ ತೊಟ್ಟಿಯಲ್ಲಿ ಸೊಳ್ಳೆ ಮರಿ ತುಂಬಿಕೊಂಡವು. ಅವನ್ನು ತಿನ್ನಲಿ ಎಂದು ಬಿಟ್ಟ ಗೋಲ್ಡ್‌ಫಿಶ್‌ಗಳು ಬೆಳೆದು ಗೇಣುದ್ದವಾಗತೊಡಗಿದವು. ಅಗಲವಾದ ತೊಟ್ಟಿಯಲ್ಲಿ, ಒಳ್ಳೆಯ ನೀರಿನಲ್ಲಿ ಈ ಮೀನು ಹತ್ತು ವರ್ಷ ದಾಟಿ ಬದುಕುತ್ತದೆ. ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಸಾಕಣೆಗೆ ಒಗ್ಗಿದ ಜಾತಿ ಇದು. ನಮ್ಮ ಕೆರೆಗಳ ಕಾಟ್ಲಾ, ರೋಹುಗಳ ಬಳಗವೇ. ಗಾಜಿನ ಬಟ್ಟಲಿನಲ್ಲಿ ಇಟ್ಟವರಿಗೆ ಮಾತ್ರ ಇದು ಕೆಲವು ತಿಂಗಳ ಅಲಂಕಾರ ಎನಿಸುತ್ತದೆ.

ಬೇಸಿಗೆ ರಜೆಯಲ್ಲಿ ನೆಂಟರ ಮಕ್ಕಳು ಬಂದರು. ಬರುವಾಗ ಅಂಗಡಿಯಿಂದ ಎರಡು ಹೊಸ ಮೀನು ತಂದರು. ಮೀನುಗಳು ಮೇಲೆ ಬಂದು ಬಾಯಿ ತೆರೆದಾಗಲೆಲ್ಲ ಮಕ್ಕಳು ಪುರಿ, ಬಿಸ್ಕತ್ತು ಹಾಕಿದರು. ಗೋಲ್ಡ್‌ಫಿಶ್‌ಗೆ ನಮ್ಮ ಹಾಗೆ ಜಠರವಿಲ್ಲ. ಬಿದ್ದದ್ದನ್ನೆಲ್ಲ ತಿನ್ನುತ್ತದೆ, ಬೇಗ ಹೊರಹಾಕುತ್ತದೆ. ರಜೆ ಮುಗಿಯುವ ಹೊತ್ತಿಗೆ ಮೀನುಗಳು ನೀರಿನ ಮೇಲೆ ಏದುಸಿರು ಬಿಡತೊಡಗಿದವು. ರೆಕ್ಕೆ ಮೈಗೆ ಅಂಟಿಸಿಕೊಂಡು ಮೂಲೆ ಹಿಡಿದವು. ಒಂದಂತೂ ತೊಟ್ಟಿಯ ಗೋಡೆಗೆ ಮೈ ಉಜ್ಜುತ್ತಿತ್ತು. ಅದರ ಪಕ್ಕೆಯಲ್ಲಿ ಕಡಲೆ ಬೇಳೆಗಿಂತ ಚಿಕ್ಕದಾದ, ಚಪ್ಪಟೆಯಾದ, ಬಣ್ಣವಿಲ್ಲದ ಒಂದು ಹುಳ ಕಂಡಿತು. ಅದು ಆರ್ಗುಲಸ್, ಅಂದರೆ ಮೀನಿನ ಹೇನು.

ಪಕ್ಕದ ಮನೆಯ ಚಿಕ್ಕಮ್ಮ ನೋಡಿ, "ಇನ್ನೊಂದ್ ತಂದ್ ಬುಟ್ರಾಯ್ತು ಬುಡಪ್ಪ, ಐವತ್ ರೂಪಾಯ್ ಮೀನ್ಗೆ ಆಸ್ಪತ್ರೆ ಖರ್ಚಾ?" ಎಂದರು.

"ತಂದ್ ಬುಟ್ರೂ ಅದು ಇದೇ ನೀರಲ್ಲೇ ತಾನೆ ಚಿಕ್ಕಮ್ಮ ಬದುಕ್ಬೇಕು?" ಎಂದೆ.

ಈ ಅಂಕಣದ ಲೆಕ್ಕವೆಲ್ಲ ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ನೀರು ಕೆಟ್ಟಿದ್ದರೆ ಹೊಸ ಮೀನಿಗೆ ಕೊಟ್ಟ ಐವತ್ತೂ ಹೋಗುತ್ತದೆ, ಅದರ ಮುಂದಿನ ಐವತ್ತೂ ಹೋಗುತ್ತದೆ.

ಮೀನಿನ ಅಂಗಡಿಗೆ ಹೋದರೆ ಔಷಧಿಗೆ ಬರವಿಲ್ಲ. ನೀಲಿ ಬಾಟಲಿ, ಹಸಿರು ಬಾಟಲಿ, ಹಳದಿ ಪುಡಿ ಎಲ್ಲ ಸಿಗುತ್ತವೆ. ಮೂರನ್ನೂ ಕೊಂಡರೆ ಸಾವಿರದ ಹತ್ತಿರ ಬರುತ್ತದೆ. ನಾನು ಆ ಹಣದಲ್ಲಿ ಮೊದಲು ಕೊಂಡದ್ದು ನೀರು ಪರೀಕ್ಷಿಸುವ ಕಿಟ್. ಅಮೋನಿಯಾ ಮತ್ತು ಪಿಎಚ್ ತಿಳಿಸುವ ಸಾಧಾರಣ ಕಿಟ್, ಆರುನೂರು ರೂಪಾಯಿ ಆಸುಪಾಸು. ಅದರಲ್ಲಿ ಹತ್ತಾರು ಸಲ ಪರೀಕ್ಷೆ ಮಾಡಬಹುದು. ಒಂದು ಪರೀಕ್ಷೆಗೆ ಬೀಳುವುದು ಒಂದು ಟೀ ಕಾಸು.

ಕಿಟ್ ತೆರೆಯುವ ಮುನ್ನವೇ ಒಂದು ಕಾಸೂ ಇಲ್ಲದೆ ಕೇಳಿಕೊಳ್ಳಬಹುದಾದ ಎರಡು ಪ್ರಶ್ನೆಗಳಿವೆ. ಮೊದಲನೆಯದು, ಎಲ್ಲ ಮೀನುಗಳೂ ಒಟ್ಟಿಗೆ ಸೊರಗಿದವೋ, ಒಂದರ ಹಿಂದೆ ಒಂದೋ? ಒಂದೆರಡು ದಿನದೊಳಗೆ ಎಲ್ಲವೂ ಕಂಗಾಲಾದರೆ ಮೊದಲ ಅನುಮಾನ ನೀರಿನ ಮೇಲೆ. ದಿನ ಬಿಟ್ಟು ದಿನ ಒಂದೊಂದೇ ಮಲಗಿದರೆ ಅಂಟುರೋಗದ ಮೇಲೆ. ಎರಡನೆಯದು, ಏದುಸಿರು ಯಾವ ಹೊತ್ತಿನಲ್ಲಿ? ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಹೀರುತ್ತದೆ. ಹಾಗಾಗಿ ಹಸಿರುಗಟ್ಟಿದ ತೊಟ್ಟಿಯಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಬೆಳಗಿನ ಜಾವ. ಬೆಳಿಗ್ಗೆ ಏದುಸಿರು ಬಿಟ್ಟು ಹೊತ್ತೇರಿದ ಮೇಲೆ ಸರಿಹೋದರೆ ಆಮ್ಲಜನಕದ ಕೊರತೆ. ಇಡೀ ದಿನ ಹಾಗೇ ಇದ್ದರೆ ಕಿವಿರಿಗೆ ಪೆಟ್ಟಾಗಿದೆ ಎಂದು ತಿಳಿಯಬೇಕು. ನಮ್ಮ ತೊಟ್ಟಿಯಲ್ಲಿ ಎಲ್ಲ ಮೀನೂ ಒಟ್ಟಿಗೆ ಸೊರಗಿದ್ದವು, ಸಂಜೆಗೂ ಏದುಸಿರು ನಿಂತಿರಲಿಲ್ಲ. ಕಣ್ಣಿಗೆ ಕಂಡ ಹೇನು ಒಂದೇ ಮೀನಿನ ಮೇಲೆ. ಹಾಗಾದರೆ ಮಿಕ್ಕ ಮೀನುಗಳ ಕಷ್ಟಕ್ಕೆ ಹೇನು ಕಾರಣವಾಗಿರಲು ಸಾಧ್ಯವಿರಲಿಲ್ಲ.

ಕಿಟ್ಟಿನ ಗಾಜಿನ ನಳಿಕೆಯಲ್ಲಿ ನೀರು ಕಡು ಹಸಿರಿಗೆ ತಿರುಗಿತು. ಅದು ಅಮೋನಿಯಾದ ಗುರುತು. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಬಿಡುತ್ತದೆ. ಕೊಳೆತ ಬಿಸ್ಕತ್ತು, ಉದುರಿದ ಹೊಂಗೆ ಎಲೆಗಳಿಂದಲೂ ಅದು ಬರುತ್ತದೆ. ತೊಟ್ಟಿಯ ಗೋಡೆ, ಕಲ್ಲುಗಳ ಮೇಲಿನ ಜಾರು ಪದರದಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡು ವಿಷ, ಕೊನೆಯದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ತಿಂಗಳು, ಒಂದೂವರೆ ತಿಂಗಳು ಬೇಕು. ಹಳೆಯ ತೊಟ್ಟಿಯಲ್ಲೂ ಮೇವು ಏಕಾಏಕಿ ನಾಲ್ಕು ಪಟ್ಟಾದರೆ ಅವುಗಳ ಕೈಯಲ್ಲಿ ಆಗುವುದಿಲ್ಲ.

ಇಲ್ಲಿ ನಮ್ಮ ಕಡೆಯ ಗಡಸು ನೀರಿನ ಪಾತ್ರ ದೊಡ್ಡದು. ನೀರಿನಲ್ಲಿ ಎಷ್ಟು ಅಮೋನಿಯಾ ಇದೆ ಎನ್ನುವುದಷ್ಟೇ ಮುಖ್ಯವಲ್ಲ, ಅದರಲ್ಲಿ ಎಷ್ಟು ಭಾಗ ವಿಷದ ರೂಪದಲ್ಲಿದೆ ಎನ್ನುವುದೂ ಮುಖ್ಯ. ಅದು ಪಿಎಚ್ ಜೊತೆ ಏರುತ್ತದೆ, ಗಡಸು ನೀರಿನಲ್ಲಿ ಪಿಎಚ್ ಸಾಮಾನ್ಯವಾಗಿ ಹೆಚ್ಚು. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇ 1ಕ್ಕೂ ಕಡಿಮೆ. ಪಿಎಚ್ 8 ಆದರೆ ಶೇ 5ರ ಆಸುಪಾಸು. 9ಕ್ಕೆ ಏರಿದರೆ ಮೂರರಲ್ಲಿ ಒಂದು ಪಾಲು. ಬಿಸಿಲಿಗೆ ಪಾಚಿ ಬೆಳೆದ ತೊಟ್ಟಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಏರುತ್ತದೆ. ಬೆಳಿಗ್ಗೆ ಸಹಿಸಿಕೊಂಡ ನೀರೇ ಸಂಜೆಗೆ ಮೀನಿನ ಕಿವಿರು ಸುಡುತ್ತದೆ. ಹೀಗಾಗಿ ನೀರನ್ನು ಬೆಳಿಗ್ಗೆ ಒಂದು ಸಲ, ಇಳಿಹೊತ್ತಿನಲ್ಲಿ ಒಂದು ಸಲ ಪರೀಕ್ಷಿಸಬೇಕು.

ಕಾರಣ ಗೊತ್ತಾದ ಮೇಲೆ ಚಿಕಿತ್ಸೆ ಬಲು ಅಗ್ಗ. ಮೇವು ಪೂರ್ತಿ ನಿಲ್ಲಿಸಿದೆ. ಗಟ್ಟಿಮುಟ್ಟಾಗಿ ಬೆಳೆದ ಗೋಲ್ಡ್‌ಫಿಶ್ ವಾರ ಉಪವಾಸವಿದ್ದರೂ ಸಾಯುವುದಿಲ್ಲ. ತಳದ ಕಸ ತೆಗೆದು, ಮೂರರಲ್ಲಿ ಒಂದು ಪಾಲು ನೀರು ಬದಲಿಸಿದೆ. ಬೋರ್‌ವೆಲ್‌ನಿಂದ ಬರುವ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಅದಕ್ಕೇ ಪೈಪನ್ನು ಎತ್ತರಕ್ಕೆ ಕಟ್ಟಿ ನೀರು ಚಿಮ್ಮಿ ಬೀಳುವಂತೆ ಮಾಡಿದೆ. ತೆಗೆದ ನೀರು ತೆಂಗಿನ ಬುಡಕ್ಕೂ ಕರಿಬೇವಿಗೂ ಹೋಯಿತು. ನಾನೂರೈವತ್ತು ರೂಪಾಯಿ ಕೊಟ್ಟು ಗಾಳಿ ಪಂಪು ತಂದೆ. ಐದು ವಾಟ್‌ನ ಆ ಪಂಪು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಕರೆಂಟು ದಾಟುವುದಿಲ್ಲ.

ಆಮೇಲೆ ಉಪ್ಪು. ಇಲ್ಲಿ ಲೆಕ್ಕ ಬಲ್ಲವರಿಗೆ ಲಾಭ. ಎಂಟು, ಐದು, ಎರಡೂವರೆ ಗುಣಿಸಿದರೆ ನೂರು ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂದರೆ ತೊಟ್ಟಿಯಲ್ಲಿ 2,830 ಲೀಟರ್ ನೀರು. ಲೀಟರಿಗೆ ಒಂದು ಗ್ರಾಂನಂತೆ ಹಾಕಿದರೆ ಮೂರು ಕಿಲೋಗೆ ಸ್ವಲ್ಪ ಕಡಿಮೆ ಉಪ್ಪು ಸಾಕು. ಕಿರಾಣಿ ಅಂಗಡಿಯ ಕಲ್ಲುಪ್ಪನ್ನೇ ಕರಗಿಸಿ ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿದೆ. ಉಪ್ಪು ಮೀನಿನ ಮೈಯ ಲವಣದ ನಷ್ಟ ತಡೆಯುತ್ತದೆ, ನೈಟ್ರೈಟ್ ಕಿವಿರಿನ ಮೂಲಕ ಒಳಹೋಗುವುದನ್ನೂ ತಡೆಯುತ್ತದೆ. ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ಬದಲಿಸಿದ ನೀರಿನಷ್ಟಕ್ಕೆ ಮಾತ್ರ ಮತ್ತೆ ಹಾಕಬೇಕು. ಉಪ್ಪು ಬಿದ್ದ ಮೇಲೆ ಆ ನೀರನ್ನು ಕೊತ್ತಂಬರಿ ಮಡಿಗೆ ಬಿಡಬಾರದು.

ಹೇನಿಗೂ ಔಷಧಿ ಬೇಕಾಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು ಚಿಮಟದಲ್ಲಿ ಕಿತ್ತೆ. ಹೇನು ಮೊಟ್ಟೆ ಇಡುವುದು ಗೋಡೆ, ಕಲ್ಲು, ಮರದಂಥ ಗಟ್ಟಿ ಜಾಗದ ಮೇಲೆ. ಅದನ್ನು ತಿಳಿದ ಮೀನು ಕೃಷಿಕರು ಹೊಂಡದಲ್ಲಿ ಬಿದಿರು, ಹಲಗೆ ಇಳಿಬಿಟ್ಟು, ಮೊಟ್ಟೆ ಅಂಟಿದ ಮೇಲೆ ಎತ್ತಿ ಬಿಸಿಲಿಗೆ ಒಣಗಿಸುತ್ತಾರೆ. ನಾನೂ ಹಾಗೇ ಮಾಡಿದೆ. ರೈತರ ಮನೆಗಳಲ್ಲಿ ಬೆಳೆಗೆ ಹೊಡೆಯುವ ಸೈಪರ್‌ಮೆಥ್ರಿನ್ ಕೈಗೆಟಕುವಂತೆ ಇರುತ್ತದೆ, ಎರಡು ಹನಿ ಹಾಕೋಣವೇ ಎಂದು ಮನಸ್ಸಾಗುತ್ತದೆ. ದಯವಿಟ್ಟು ಹಾಕಬೇಡಿ. ಆ ಜಾತಿಯ ಕೀಟನಾಶಕಗಳು ಮೀನಿಗೆ ಕಡು ವಿಷ, ಅಳತೆ ಕೂದಲೆಳೆಯಷ್ಟು ತಪ್ಪಿದರೂ ತೊಟ್ಟಿ ಖಾಲಿಯಾಗುತ್ತದೆ.

ಹಣ ಪೋಲಾಗುವ ಇನ್ನೊಂದು ದಾರಿ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್. ಮೆಡಿಕಲ್ ಸ್ಟೋರಿನಿಂದ ತಂದು ನೀರಿಗೆ ಒಡೆದು ಹಾಕುವವರು ಬಹಳ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಔಷಧಿಯನ್ನು ಕಟ್ಟಿಹಾಕಿಬಿಡುತ್ತವೆ. ಮೀನಿನ ಮೈ ಸೇರುವುದು ಅತ್ಯಲ್ಪ. ಮನುಷ್ಯರ ಜೀವ ಉಳಿಸಬೇಕಾದ ಔಷಧಿಗೆ ರೋಗಾಣುಗಳು ಒಗ್ಗಿಕೊಳ್ಳಲು ದಾರಿಯಾಗುವುದಂತೂ ನಿಜ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯೂ ಅಷ್ಟೇ ನಷ್ಟ. ಮೈಮೇಲೆ ರವೆ ಚೆಲ್ಲಿದಂತೆ ಕಾಣುವ ಬಿಳಿ ಚುಕ್ಕೆ ರೋಗದಲ್ಲಿ ಔಷಧಿ ನಾಟುವುದು ಪರಾವಲಂಬಿಯು ಮೀನನ್ನು ಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ. ಚುಕ್ಕೆ ಮಾಯವಾಯಿತೆಂದು ಅಂದೇ ನಿಲ್ಲಿಸಿದರೆ ತಳದಲ್ಲಿ ಉಳಿದದ್ದು ಮತ್ತೆ ಏರುತ್ತದೆ, ಮೊದಲ ಖರ್ಚೆಲ್ಲ ನೀರುಪಾಲು.

ಕಿಟ್, ಪಂಪು, ಉಪ್ಪು ಎಲ್ಲ ಸೇರಿ ನನಗಾದ ಖರ್ಚು ಸಾವಿರದ ಇನ್ನೂರರೊಳಗೆ. ಇದರಲ್ಲಿ ಉಪ್ಪೊಂದೇ ಮುಗಿದುಹೋಗುವ ವಸ್ತು. ಕಿಟ್ಟೂ ಪಂಪೂ ತೊಟ್ಟಿಯ ಆಸ್ತಿಯಾಗಿ ಉಳಿದವು. ಮೀನುಗಳು ಮತ್ತೆ ರೆಕ್ಕೆ ಬಿಚ್ಚಿ ಈಜಿದ್ದನ್ನು ನೋಡಿದ ಸಂತೋಷವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಅದು ನನಗೆ ದೊಡ್ಡದೇ.

ಖರ್ಚು ಎಲ್ಲಿ ನಿಲ್ಲಬೇಕು ಎನ್ನುವುದೂ ಅಷ್ಟೇ ಮುಖ್ಯ. ಹೊಟ್ಟೆ ಊದಿ, ಹುರುಪೆಗಳೆಲ್ಲ ನಿಗುರಿ ನಿಂತ ಮೀನಿನ ಒಳಗಿನ ಅಂಗಗಳು ಸೋತಿರುತ್ತವೆ. ಆ ಹಂತದಲ್ಲಿ ಗುಣವಾಗುವುದು ಅಪರೂಪ. ಆಗ ಅದನ್ನು ಬೇರೆ ತೊಟ್ಟಿಗೆ ಹಾಕಿ, ಉಳಿದ ಮೀನುಗಳ ನೀರಿನ ಕಡೆ ಹಣವನ್ನೂ ಗಮನವನ್ನೂ ತಿರುಗಿಸುವುದೇ ಸರಿ. ಖರ್ಚಿನ ಮಿತಿಯನ್ನು ಎಲ್ಲವೂ ಚೆನ್ನಾಗಿರುವಾಗಲೇ ಬರೆದಿಡಿ. ಕಣ್ಣೆದುರು ಪ್ರಾಣಿ ಒದ್ದಾಡುವಾಗ ಯಾರಿಗೂ ಲೆಕ್ಕ ತೋಚುವುದಿಲ್ಲ. ನನ್ನ ಮಿತಿ ಹೀಗಿದೆ: ತೊಟ್ಟಿಯನ್ನು ಹೊಸದಾಗಿ ಸಿದ್ಧಗೊಳಿಸಿ ಎಲ್ಲ ಮೀನು ತರಲು ಎಷ್ಟಾಗುತ್ತದೋ ಅದರ ಅರ್ಧ.

ಮನೆಯ ತೊಟ್ಟಿಗೆ ಈ ಮಿತಿ ಸಾಕು. ಮೀನನ್ನೇ ಆದಾಯ ಮಾಡಿಕೊಳ್ಳಲು ಹೊರಟವರ ಲೆಕ್ಕ ಬೇರೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿಯಾಗಿತ್ತು. ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನವಿತ್ತು. ಆ ಲೆಕ್ಕದಲ್ಲಿ ಮಹಿಳೆಯೊಬ್ಬರು ಕೈಯಿಂದ ಹಾಕಬೇಕಿದ್ದದ್ದು 1.2 ಲಕ್ಷ. ಈಗಿನ ನಿಯಮಗಳನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಆದರೆ ಕೈಯಿಂದ ಹಾಕುವ ಹಣದ ಜೊತೆಗೆ ಕಾಯಿಲೆಯ ನಿಧಿಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ಅಂಥ ಘಟಕದಲ್ಲಿ ಮೀನು ಸಾಯತೊಡಗಿದರೆ ಪ್ರಯೋಗಾಲಯದ ಖರ್ಚು ಖಂಡಿತ ಸಾರ್ಥಕ. ಮಂಗಳೂರಿನಲ್ಲಿ 1969ರಿಂದ ಇರುವ, ದೇಶದ ಮೊದಲ ಮೀನುಗಾರಿಕೆ ಕಾಲೇಜು ನಮ್ಮದೇ ರಾಜ್ಯದ್ದು. ತಜ್ಞರ ಬಳಿ ಒಯ್ಯುವುದಾದರೆ ಜೀವಂತ ಇರುವ ಕಾಯಿಲೆ ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ, ತೊಟ್ಟಿಯ ನೀರನ್ನು ಬೇರೆ ಬಾಟಲಿಯಲ್ಲಿ ಒಯ್ಯಿರಿ. ಸತ್ತ ಮೀನು ಕೆಲವೇ ಗಂಟೆಯಲ್ಲಿ ಕೊಳೆತು, ಪರೀಕ್ಷೆಗೆ ಬೇಕಾದ ಸುಳಿವೆಲ್ಲ ಅಳಿಸಿಹೋಗುತ್ತದೆ.

ಮೀನಿನಿಂದ ಕಲಿತ ಈ ಕ್ರಮ ನಮ್ಮ ತಾಲ್ಲೂಕಿನ ಯಾವ ಮನೆಗೂ ಸಲ್ಲುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಯೂರಿಯಾ ಚೀಲ ಹೊರುವುದು, ಹಾಲು ಪರೀಕ್ಷಿಸದೆ ಹಸುವಿನ ಕೆಚ್ಚಲಿಗೆ ಔಷಧಿ ಏರಿಸುವುದು, ಜ್ವರ ಯಾವುದೆಂದು ತಿಳಿಯದೆ ಇಂಜೆಕ್ಷನ್ ಕೇಳುವುದು, ಇವೆಲ್ಲ ಒಂದೇ ನಷ್ಟದ ಬೇರೆ ಬೇರೆ ರಸೀದಿಗಳು. ಪರೀಕ್ಷೆಗೆ ಕೊಟ್ಟ ಹಣ ಕೈಯಲ್ಲಿ ವಸ್ತುವಾಗಿ ಕಾಣುವುದಿಲ್ಲ, ಅದಕ್ಕೇ ಅದು ದಂಡ ಎನಿಸುತ್ತದೆ. ಮುಂದೆ ಹೋಗಲಿದ್ದ ಹಣವನ್ನು ಉಳಿಸುವುದು ಮಾತ್ರ ಅದೇ.

ತೊಟ್ಟಿ ಇರುವವರು ಈ ವಾರ ಮೂರು ಕೆಲಸ ಮಾಡಿ. ಉದ್ದ, ಅಗಲ, ಆಳ ಅಳೆದು ಎಷ್ಟು ಲೀಟರ್ ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿರಿ. ಒಂದು ಅಮೋನಿಯಾ ಕಿಟ್ ತನ್ನಿ. ಹೊಸ ಮೀನು ಬಂದರೆ ಮೂರು ನಾಲ್ಕು ವಾರ ಬೇರೆ ಇಡಲು ಹಳೆಯ ಪ್ಲಾಸ್ಟಿಕ್ ಡ್ರಮ್ಮೊಂದನ್ನು ತೊಳೆದಿಡಿ. ಮೂರೂ ಸೇರಿ ಸಾವಿರ ರೂಪಾಯಿ ದಾಟುವುದಿಲ್ಲ. ನಾವೇ ತಂದು ಸಾಕಿದ ಜೀವಕ್ಕೆ ನಾವು ಕೊಡಬೇಕಾದ ಬಾಕಿ ಅದು, ಮೊದಲೇ ಕೊಟ್ಟರೆ ಅಗ್ಗವಾಗಿ ತೀರುತ್ತದೆ.