ಜೋರು ಮಳೆಯಲ್ಲಿ ಗಾಡಿ ಓಡಿಸುವುದು ಹೇಗೆ?



ನಮ್ಮ ಭಾಗದಲ್ಲಿ ಮಳೆ ಎಲ್ಲ ಕಡೆ ಒಂದೇ ಥರ ಬೀಳುವುದಿಲ್ಲ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯನ್ನು ಏರುವಾಗ ತಣ್ಣಗಾಗಿ ಹೆಚ್ಚಿನ ನೀರನ್ನು ಅಲ್ಲಿಯೇ ಸುರಿಸುತ್ತವೆ. ಆದ್ದರಿಂದ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್, ಅನಮೋಡ ಕಡೆ ಮಳೆ ಬಹಳ. ಪೂರ್ವಕ್ಕೆ ಹಳಿಯಾಳ, ಮುಂಡಗೋಡ ಕಡೆ ಕಡಿಮೆ. ಹಳಿಯಾಳದ ತುಂತುರು ನೋಡಿ ಹೊರಟವರಿಗೆ ಗಣೇಶಗುಡಿ ದಾಟಿದ ಮೇಲೆ ಮುಂದಿನ ಗಾಡಿಯೇ ಕಾಣದಂಥ ಮಳೆ ಸಿಗಬಹುದು.

ಪಂಚಮಿ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಮಾಮಾನ ಕಾರಿನಲ್ಲಿ ಆ ದಾರಿಯಲ್ಲೇ ಹೋಗಿದ್ದೆವು. ಮಾಮಾ ಬಾಡಿಗೆ ಗಾಡಿ ಓಡಿಸುತ್ತಾರೆ. ಅವರು ಹೇಳಿದ್ದನ್ನು ನಮ್ಮ ವಿಜ್ಞಾನದ ಪಾಠದ ಜೊತೆ ಸೇರಿಸಿ ಬರೆದಿದ್ದೇನೆ.

1. ಟೈರು: ಟೈರಿನ ಗೆರೆಗಳು ಇರುವುದು ಚೆಂದಕ್ಕಲ್ಲ, ನೀರನ್ನು ಬದಿಗೆ ತಳ್ಳಲಿಕ್ಕೆ. ಕಾರಿನ ಟೈರಿನ ಗೆರೆ ಕನಿಷ್ಠ 1.6 ಮಿ.ಮೀ. ಆಳ ಇರಬೇಕೆಂದು ನಿಯಮವಿದೆ. ಟೈರು ಸವೆದಿದ್ದರೆ ಅಥವಾ ವೇಗ ಹೆಚ್ಚಾದರೆ ನೀರು ಹೊರಗೆ ಹೋಗುವುದಿಲ್ಲ. ಆಗ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ಜಾರುತ್ತದೆ, ಬ್ರೇಕೂ ಹಿಡಿಯುವುದಿಲ್ಲ. ಗಾಡಿ ಹಾಗೆ ಜಾರಿದರೆ ಜೋರಾಗಿ ಬ್ರೇಕ್ ಒತ್ತಬಾರದು. ಸ್ಟೇರಿಂಗ್ ನೇರ ಹಿಡಿದು ಎಕ್ಸಲೇಟರ್ ಮೆಲ್ಲಗೆ ಬಿಡಬೇಕು.

2. ಅಂತರ: ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮುಂದಿನ ಗಾಡಿ ಒಂದು ಕಿಲೋಮೀಟರ್ ಕಲ್ಲು ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಬೇಕು. "ಸಾವಿರದ ನಾಲ್ಕು" ಮುಗಿಯುವ ಮೊದಲೇ ನಾವು ಆ ಕಲ್ಲಿಗೆ ಬಂದರೆ ತೀರಾ ಹತ್ತಿರ ಇದ್ದೇವೆ ಎಂದರ್ಥ. ಒಣ ರಸ್ತೆಗೆ ಎರಡು ಸೆಕೆಂಡ್, ಮಳೆಗೆ ನಾಲ್ಕು.

3. ದೀಪ: ಅಪ್ಪರ್ ಲೈಟ್ ಹಾಕಿದರೆ ಬೆಳಕು ಮಳೆಹನಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಲೈಟೇ ಒಳ್ಳೆಯದು. ಓಡುವ ಗಾಡಿಯಲ್ಲಿ ಎರಡೂ ಇಂಡಿಕೇಟರ್ ಒಟ್ಟಿಗೆ ಹಾಕಬಾರದು, ಯಾಕಂದ್ರೆ ನಾವು ಯಾವ ಕಡೆ ತಿರುಗುತ್ತೇವೆ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ.

4. ಹಳ್ಳ: ಜೋಯಿಡಾ ದಾರಿಯಲ್ಲಿ ಒಂದು ಹಳ್ಳದ ಮೋರಿಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. "ಮೊಣಕಾಲಷ್ಟೂ ಇಲ್ಲ, ದಾಟಿಸೋ" ಎಂದರು ಅಜ್ಜಿ. ಮಾಮಾ ಗಾಡಿ ನಿಲ್ಲಿಸಿ ನನಗೆ ಹೇಳಿದರು: "ಅಳಿಯಾ, ನೀರು ಕಾಣ್ತದ, ಅದರ ಕೆಳಗ ರಸ್ತಾ ಐತೋ ಇಲ್ಲೋ ಕಾಣೂದಿಲ್ಲ." ಒಂದು ತಾಸು ಕಾದರೂ ನೀರು ಇಳಿಯಲಿಲ್ಲ, ವಾಪಸ್ ಬಂದೆವು. ಹಬ್ಬದ ಊಟ ತಪ್ಪಿತು ಅಂತ ಅಜ್ಜಿಗೆ ಸಿಟ್ಟು. ಆದರೆ ಲೆಕ್ಕ ನೋಡಿರಿ. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋ. ಒಂದು ಅಡಿ ನೀರು ಸಣ್ಣ ಕಾರನ್ನು ಎತ್ತಿ ತೇಲಿಸಬಲ್ಲದು. ಅದು ಹರಿಯುವ ನೀರಾದರೆ ಕಾರನ್ನು ತಳ್ಳಿಕೊಂಡೇ ಹೋಗುತ್ತದೆ.

5. ಎಲ್ಲಿ ನಿಲ್ಲಬೇಕು: ಮಳೆ ಜೋರಾದರೆ ನಿಲ್ಲುವುದು ಜಾಣತನ, ಆದರೆ ಜಾಗ ನೋಡಿ ನಿಲ್ಲಬೇಕು. 2024ರ ಜುಲೈ 16ರಂದು ನಮ್ಮದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ ನಾಶವಾಯಿತು, ಅನೇಕರು ಜೀವ ಕಳೆದುಕೊಂಡರು. ಗಂಗಾವಳಿ ನದಿಗೆ ಬಿದ್ದ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ರಸ್ತೆಗಾಗಿ ಕಡಿದ ಗುಡ್ಡದ ಕೆಳಗೆ, ಹೊಳೆಯ ದಂಡೆಯಲ್ಲಿ, ದೊಡ್ಡ ಮರದಡಿ ನಿಲ್ಲಬಾರದು. ಊರು, ಪೆಟ್ರೋಲ್ ಬಂಕ್ ಅಥವಾ ಬಯಲು ಜಾಗ ಸಿಗುವವರೆಗೆ ನಿಧಾನ ಹೋಗಬೇಕು.

ನಮಗಿನ್ನೂ ಲೈಸೆನ್ಸ್ ಇಲ್ಲ, ನಮಗ್ಯಾಕೆ ಇದು ಅನ್ನಬೇಡಿ. ಗಾಡಿಯಲ್ಲಿ ಕೂತವರೂ "ಬೇಗ ಹೋಗ್ರಿ" ಅನ್ನುವ ಬದಲು "ಸಾವಕಾಶ ಹೋಗ್ರಿ" ಅನ್ನಬಹುದಲ್ಲ!

ಲೆಕ್ಕ ಮಾಡಿ: ಗಂಟೆಗೆ 40 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡಿನ ಅಂತರ ಎಷ್ಟು ಮೀಟರ್? ಶಾಲೆಯ ಅಂಗಳದಲ್ಲಿ ಅಳೆದು ನೋಡಿ, ಉತ್ತರವನ್ನು ಈ ಹಾಳೆಯ ಕೆಳಗೆ ಪೆನ್ಸಿಲಿನಿಂದ ಬರೆಯಿರಿ.